ಸಿಟಿಆರ್‌ಐ: ಹನ್ನೊಂದು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ವೈದ್ಯಕೀಯ ಕಾಲೇಜುಗಳಲ್ಲಿ ಪಿಜಿ ವಿದ್ಯಾರ್ಥಿಗಳು ಎದುರಾದಾಗ ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: 'ಸಿಟಿಆರ್‌ಐ ನಂಬರ್ ಬಂತಾ?' ಥೀಸಿಸ್‌ನ ರೂಪರೇಷೆಯಾದ ಸಿನಾಪ್ಸಿಸ್ ಒಪ್ಪಿಗೆಯಾಗಿ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಪತ್ರ ಕೈಸೇರಿ, ಇನ್ನೇನು ಮೊದಲ ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕು ಎನ್ನುವ ಹೊತ್ತಿಗೆ, ವೈದ್ಯಕೀಯ ಪ್ರಯೋಗಗಳನ್ನು ನೋಂದಾಯಿಸುವ ಸರ್ಕಾರಿ ಜಾಲತಾಣ ಕೊಡುವ ಈ ಒಂದು ನಂಬರಿಗಾಗಿ ಎಲ್ಲವೂ ನಿಂತಿರುತ್ತದೆ. ನಂಬರ್ ಬಂದ ದಿನ ಗೈಡ್‌ಗೆ ಸಂದೇಶ ಹೋಗುತ್ತದೆ, ಪ್ರಿಂಟ್ ತೆಗೆದು ಫೈಲಿಗೆ ಹಾಕಲಾಗುತ್ತದೆ, ಅಲ್ಲಿಗೆ ಆ ಜಾಲತಾಣದ ಜೊತೆಗಿನ ಸಂಬಂಧವೂ ಮುಗಿಯುತ್ತದೆ. ರಾಜ್ಯದ ಒಂದು ಬೋಧನಾ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಇಂಥ ನೋಂದಣಿಗಳಿಗೆ ಕೈಜೋಡಿಸುತ್ತ ಬಂದಿರುವ ನಾನು ಕೂಡ ಮೊದಲ ನಾಲ್ಕೈದು ವರ್ಷ ಹಾಗೆಯೇ ನಡೆದುಕೊಂಡೆ. ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ರಸೀದಿ ಪಡೆದು ಬಂದಂತೆ ಇಲ್ಲಿಂದ ಒಂದು ಸಂಖ್ಯೆ ಪಡೆದು ಬರುತ್ತಿದ್ದೆ. ಇದು ಓದಬೇಕಾದ ಜಾಗವೂ ಹೌದು, ನಮ್ಮ ಕ್ಷೇತ್ರದ ಸುದ್ದಿಯೂ ಅವಕಾಶವೂ ಎಲ್ಲಕ್ಕಿಂತ ನಂಬಲರ್ಹ ರೂಪದಲ್ಲಿ ಸಿಗುವುದು ಇಲ್ಲೇ ಎಂಬುದು ನನಗೆ ತಡವಾಗಿ ತಿಳಿಯಿತು.

ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ ಎಂಬ ಈ ಸೇವೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ದೆಹಲಿಯ ವೈದ್ಯಕೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೂಲಕ 2007ರ ಜುಲೈ 20ರಂದು ಆರಂಭಿಸಿತು. ಮನುಷ್ಯರ ಮೇಲೆ ನಡೆಯುವ ಔಷಧ, ಲಸಿಕೆ, ಶಸ್ತ್ರಚಿಕಿತ್ಸೆ, ಉಪಕರಣ, ಯೋಗ, ಆಯುರ್ವೇದ, ಹೋಮಿಯೋಪತಿ ಯಾವುದರ ಪ್ರಯೋಗವಾದರೂ ಇಲ್ಲಿ ಉಚಿತವಾಗಿ ನೋಂದಾಯಿಸಬಹುದು. ಬರೀ ಗಮನಿಸಿ ದಾಖಲಿಸುವ ಅಧ್ಯಯನಗಳಿಗೂ ಜಾಗವಿದೆ. ಪ್ರಯೋಗ ಮುಗಿದ ಮೇಲೆ ಅನುಕೂಲವಾದ ಫಲಿತಾಂಶವನ್ನಷ್ಟೇ ಪ್ರಕಟಿಸಿ ಉಳಿದದ್ದನ್ನು ಕಪಾಟಿನಲ್ಲಿಡುವ ಚಾಳಿಗೆ ತಡೆ ಹಾಕಬೇಕೆಂದು ಜಗತ್ತಿನ ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2004ರಲ್ಲಿ ಒಟ್ಟಾಗಿ, ಮೊದಲೇ ನೋಂದಾಯಿಸದ ಪ್ರಯೋಗದ ಬರಹವನ್ನು ತಾವು ಸ್ವೀಕರಿಸುವುದಿಲ್ಲ ಎಂದು ಸಾರಿದ್ದರ ಫಲವಾಗಿ ಇಂಥ ರಿಜಿಸ್ಟ್ರಿಗಳು ದೇಶದೇಶಗಳಲ್ಲಿ ಹುಟ್ಟಿಕೊಂಡವು. ನಮ್ಮಲ್ಲಿ ಔಷಧ ಮಹಾನಿಯಂತ್ರಕರು 2009ರ ಜೂನ್ 15ರಿಂದ ಇದನ್ನು ಕಡ್ಡಾಯ ಮಾಡಿದರು. 2018ರ ಏಪ್ರಿಲ್ 1ರಿಂದ ಇನ್ನೊಂದು ಬಾಗಿಲೂ ಮುಚ್ಚಿತು: ರೋಗಿಗಳನ್ನು ಸೇರಿಸಿಕೊಂಡ ಮೇಲೆ ಬಂದು ನೋಂದಾಯಿಸುವ ಪ್ರಯೋಗಗಳನ್ನು ಅಂದಿನಿಂದ ತೆಗೆದುಕೊಳ್ಳುತ್ತಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಕೂಡ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನ ಇಲ್ಲಿ ನೋಂದಣಿ ಆಗಿರಬೇಕೆಂದು ಹೇಳುತ್ತವೆ.

ನೋಂದಣಿಯ ನಮೂನೆ ಉದ್ದವಾದದ್ದು. ಆದರೆ ಆ ಉದ್ದಕ್ಕೆ ಅರ್ಥವಿದೆ. ವೈಜ್ಞಾನಿಕ ಶೀರ್ಷಿಕೆ, ಸಾರ್ವಜನಿಕರಿಗಾಗಿ ಬೇರೆ ಶೀರ್ಷಿಕೆ, ಪ್ರಧಾನ ಸಂಶೋಧಕರ ವಿವರ, ಹಣ ಕೊಡುವವರು, ಪ್ರಾಯೋಜಕರು, ಪ್ರಯೋಗ ನಡೆಯುವ ಆಸ್ಪತ್ರೆಗಳು, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಯಾರನ್ನು ಸೇರಿಸಿಕೊಳ್ಳುತ್ತೀರಿ, ಯಾರನ್ನು ಬಿಡುತ್ತೀರಿ, ಯಾವ ಗುಂಪಿಗೆ ಯಾರು ಎಂಬುದನ್ನು ಹೇಗೆ ತೀರ್ಮಾನಿಸುತ್ತೀರಿ, ಆ ತೀರ್ಮಾನ ಮೊದಲೇ ಯಾರಿಗೂ ತಿಳಿಯದಂತೆ ಹೇಗೆ ಮುಚ್ಚಿಡುತ್ತೀರಿ, ಮುಖ್ಯವಾಗಿ ಏನನ್ನು ಅಳೆಯುತ್ತೀರಿ, ಎಷ್ಟು ದಿನಕ್ಕೆ ಅಳೆಯುತ್ತೀರಿ: ಹೀಗೆ ಅಂಕಣಗಳು ಒಂದರ ಹಿಂದೊಂದು ಬರುತ್ತವೆ. ಕೈಯಲ್ಲಿ ಪ್ರೋಟೋಕಾಲ್, ಅಂದರೆ ಪ್ರಯೋಗದ ಲಿಖಿತ ಯೋಜನೆ, ಸರಿಯಾಗಿ ಇಲ್ಲದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಎಷ್ಟು ರೋಗಿಗಳು ಬೇಕು ಎಂಬ ಸ್ಯಾಂಪಲ್ ಸೈಜನ್ನು ಯಾವ ಲೆಕ್ಕದ ಮೇಲೆ ತೆಗೆದರೆಂದು ಗೈಡ್‌ಗೂ ನೆನಪಿಲ್ಲದ, ಮುಖ್ಯ ಫಲಿತಾಂಶ ಯಾವುದು ಎಂಬುದನ್ನು ವಿದ್ಯಾರ್ಥಿಯೂ ನಿರ್ಧರಿಸಿರದ ಎಷ್ಟೋ ಥೀಸಿಸ್‌ಗಳು ಈ ನಮೂನೆಯ ಮುಂದೆ ಕೂತಾಗಲೇ ಮೊದಲ ಬಾರಿಗೆ ಒಂದು ಹದಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ಅರ್ಜಿ ಸಲ್ಲಿಸಿದ ಕೂಡಲೇ ಸಿಗುವುದು 'ರೆಫ್' ಎಂದು ಶುರುವಾಗುವ ತಾತ್ಕಾಲಿಕ ಸಂಖ್ಯೆ ಮಾತ್ರ. ಅಲ್ಲಿನ ಸಿಬ್ಬಂದಿ ಓದಿ, ತಪ್ಪಿದ್ದರೆ ಪ್ರಶ್ನೆ ಹಾಕಿ ಹಿಂದಕ್ಕೆ ಕಳಿಸಿ, ಸರಿಪಡಿಸಿದ ಮೇಲೆ ವರ್ಷ, ತಿಂಗಳು ಮತ್ತು ಆರು ಅಂಕಿಗಳ ನಿಜವಾದ ನಂಬರ್ ಕೊಡುತ್ತಾರೆ.

ನಮ್ಮ ಕಡೆಯಿಂದಲೇ ಆದ ಒಂದು ಎಡವಟ್ಟನ್ನು ಇಲ್ಲಿ ಹೇಳಬೇಕು, ಏಕೆಂದರೆ ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಮಾಡುತ್ತಾರೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ದಿನಾಂಕದ ಅಂಕಣದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಮುಂದಿನ ಸೋಮವಾರವನ್ನು ತುಂಬಿದ್ದ. ನಾನೂ ಕಣ್ಣಾಡಿಸಿ ಸರಿ ಎಂದಿದ್ದೆ. ಯಾರನ್ನು ಬಿಡಬೇಕೆಂಬ ಮಾನದಂಡಗಳ ಬಗ್ಗೆ ರಿಜಿಸ್ಟ್ರಿಯಿಂದ ಒಂದು ಪ್ರಶ್ನೆ ಬಂತು, ಉತ್ತರ ಬರೆಯುವ ಮೊದಲು ಅವನಿಗೆ ಕ್ಯಾಶುವಾಲ್ಟಿ ಡ್ಯೂಟಿ ಬಿತ್ತು, ಸೋಮವಾರ ಕಳೆದುಹೋಯಿತು. ನೋಂದಣಿಗೆ ಮುಂಚಿನ ದಿನಾಂಕ ಅಲ್ಲಿ ಉಳಿದರೆ ಅದು ಪ್ರಯೋಗ ಆಗಲೇ ಶುರುವಾಗಿದೆ ಎಂದೇ ಅರ್ಥ ಕೊಡುತ್ತದೆ. ದಿನಾಂಕವನ್ನು ಮುಂದಕ್ಕೆ ಹಾಕಿ, ವಿವರಣೆ ಕೊಟ್ಟು, ಮತ್ತೆ ಸಲ್ಲಿಸಬೇಕಾಯಿತು. ಆ ಹುಡುಗ ಅಷ್ಟರಲ್ಲಿ ಉತ್ಸಾಹದಿಂದ ಇಬ್ಬರು ರೋಗಿಗಳ ಸಹಿ ಪಡೆದಿದ್ದ ಎಂಬುದು ಆಮೇಲೆ ಗೊತ್ತಾಗಿ, ಆ ಇಬ್ಬರನ್ನೂ ಅಧ್ಯಯನದಿಂದ ಕೈಬಿಟ್ಟೆವು. ಹುಡುಗನಿಗೆ ಅದು ಅನ್ಯಾಯ ಎನಿಸಿತ್ತು. ಆದರೆ ದಾಖಲೆಯ ತಲೆಯ ಮೇಲೆ ನಂಬರಿನ ಪಕ್ಕದಲ್ಲೇ ನೋಂದಣಿಯ ದಿನಾಂಕವೂ, ಈ ಪ್ರಯೋಗ ಮುಂಚಿತವಾಗಿಯೇ ನೋಂದಾಯಿತವಾದದ್ದು ಎಂಬ ಒಂದು ಸಾಲೂ ಇರುತ್ತದಲ್ಲ, ಆ ಒಂದು ಸಾಲಿಗೇ ಈ ಇಡೀ ಸೇವೆಯ ಬೆಲೆ ಇರುವುದು. ಅದನ್ನು ಸಡಿಲಿಸಿದರೆ ಉಳಿಯುವುದು ಬರೀ ಪಟ್ಟಿ.

ಆ ಸಾಲಿನ ಬೆಲೆ ಏನೆಂದು ಅನುಮಾನಿಸುವವರಿಗೆ ನಾನು ತೋರಿಸುವ ದಾಖಲೆ ಸಿಟಿಆರ್‌ಐ/2020/04/024775. ಕೋವಿಡ್‌ನಿಂದ ಚೇತರಿಸಿಕೊಂಡವರ ಪ್ಲಾಸ್ಮಾವನ್ನು ಕಾಯಿಲೆ ಮಧ್ಯಮ ಹಂತದಲ್ಲಿದ್ದವರಿಗೆ ಕೊಟ್ಟರೆ ಉಪಯೋಗವಾಗುತ್ತದೆಯೇ ಎಂದು ನೋಡಲು ಐಸಿಎಂಆರ್ ನಡೆಸಿದ 'ಪ್ಲಾಸಿಡ್' ಪ್ರಯೋಗ ಅದು. ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 24 ಗಂಟೆಗಳ ಅಂತರದಲ್ಲಿ 200 ಮಿಲಿಲೀಟರಿನಂತೆ ಎರಡು ಸಲ ಪ್ಲಾಸ್ಮಾ ಕೊಟ್ಟು, 28 ದಿನಗಳಲ್ಲಿ ಎಷ್ಟು ಜನರ ಕಾಯಿಲೆ ಉಲ್ಬಣಿಸಿತು ಅಥವಾ ಎಷ್ಟು ಜನ ತೀರಿಕೊಂಡರು ಎಂದು ಎಣಿಸಿದರು. ಪ್ಲಾಸ್ಮಾ ಪಡೆದವರಲ್ಲಿ ಶೇಕಡಾ 19, ಪಡೆಯದವರಲ್ಲಿ ಶೇಕಡಾ 18. 2020ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಇದು ಪ್ರಕಟವಾದಾಗ, ಎಲ್ಲರೂ ಆಸೆ ಇಟ್ಟುಕೊಂಡಿದ್ದ ಚಿಕಿತ್ಸೆಗೆ ಇಲ್ಲ ಎಂದು ಹೇಳುವ ಧೈರ್ಯ ಅದರಲ್ಲಿತ್ತು. ಹಾಗಿದ್ದೂ 2021ರ ಏಪ್ರಿಲಿನಲ್ಲಿ ನಮ್ಮೆಲ್ಲರ ಫೋನಿಗೆ 'ಎಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು' ಎಂಬ ಸಂದೇಶಗಳು ಹಗಲೂ ರಾತ್ರಿ ಬರುತ್ತಿದ್ದವು. ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದದ್ದು ಆ ವರ್ಷದ ಮೇ ತಿಂಗಳಲ್ಲಿ. ಉತ್ತರ ಕೈಯಲ್ಲಿದ್ದೂ ಏಳು ತಿಂಗಳು ನಾವು ಅದನ್ನು ಓದಲಿಲ್ಲ. ಇದು ರಿಜಿಸ್ಟ್ರಿಯ ತಪ್ಪಲ್ಲ. ಆದರೆ ರಿಜಿಸ್ಟ್ರಿಯನ್ನು ಓದುವ ಅಭ್ಯಾಸ ವೈದ್ಯರಲ್ಲಿ ಎಷ್ಟಿದೆ ಎಂಬುದಕ್ಕೆ ಅಳತೆಗೋಲು. ಕೋವ್ಯಾಕ್ಸಿನ್‌ನ 25,800 ಮಂದಿಯ ಮೂರನೆಯ ಹಂತದ ಪ್ರಯೋಗದ ವಿವರವೂ ಇಲ್ಲಿ ಎಲ್ಲರಿಗೂ ತೆರೆದೇ ಇತ್ತು. ಲಸಿಕೆಯ ಬಗ್ಗೆ ವಾದ ಮಾಡಿದವರಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದರೋ ಗೊತ್ತಿಲ್ಲ.

ಈಗ ಅವಕಾಶಗಳ ಮಾತಿಗೆ ಬರುತ್ತೇನೆ. ಲ್ಯಾಬಿನಲ್ಲಿ ಕಂಡದ್ದನ್ನು ವಾರ್ಡಿಗೆ ತರುವ, ಟ್ರಾನ್ಸ್‌ಲೇಷನಲ್ ಎಂದು ಕರೆಯುವ ಸಂಶೋಧನೆಯಲ್ಲಿ ತೊಡಗಬೇಕೆಂದಿರುವ ಎಳೆಯ ವೈದ್ಯರು ಅವಕಾಶಗಳಿಗಾಗಿ ಹತ್ತು ಕಡೆ ಹುಡುಕುತ್ತಾರೆ. 1979ರಿಂದ ನಡೆದುಬಂದಿರುವ ಐಸಿಎಂಆರ್‌ನ ಎಸ್‌ಟಿಎಸ್ ಎಂಬ, ವೈದ್ಯ ವಿದ್ಯಾರ್ಥಿಗಳ ಕಿರು ಸಂಶೋಧನೆಗೆ ಕೊಡುವ ವಿದ್ಯಾರ್ಥಿವೇತನದ ಪ್ರಕಟಣೆ ಒಂದು ಕಡೆ, ಹೊಸ ಕಲ್ಪನೆಗೆ 50 ಲಕ್ಷ ರೂಪಾಯಿವರೆಗೆ ಕೊಡುವ, ಜೈವಿಕ ತಂತ್ರಜ್ಞಾನಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆ ಇನ್ನೊಂದು ಕಡೆ, ಸಂಶೋಧಕರಿಗೆ ಧನಸಹಾಯ ಕೊಡುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳು ಮತ್ತೊಂದು ಕಡೆ. ಇವೆಲ್ಲ ವಾಟ್ಸಾಪ್ ಗುಂಪಿಗೆ ಬಂದು ಬೀಳುವಾಗ ಕೊನೆಯ ದಿನಾಂಕ ನಾಡಿದ್ದೇ ಆಗಿರುತ್ತದೆ. ಆ ಪ್ರಕಟಣೆಗಳು ಹಣ ಸಿಗಬಹುದು ಎಂದಷ್ಟೇ ಹೇಳುತ್ತವೆ. ಹಣ ನಿಜವಾಗಿ ಯಾರಿಗೆ ಸಿಕ್ಕಿತು, ಅವರು ಯಾವ ಊರಿನಲ್ಲಿ ಏನು ಮಾಡುತ್ತಿದ್ದಾರೆ, ಯಾವ ಆಸ್ಪತ್ರೆಗಳನ್ನು ಜೊತೆಗೆ ಸೇರಿಸಿಕೊಂಡಿದ್ದಾರೆ ಎಂಬುದನ್ನು ಸಿಟಿಆರ್‌ಐ ಹೇಳುತ್ತದೆ. ಹಣದ ಮೂಲದ ಅಂಕಣ ಮತ್ತು ಪ್ರಯೋಗಸ್ಥಳಗಳ ಅಂಕಣ ಎರಡನ್ನೇ ಒಂದು ತಿಂಗಳು ಓದಿ ನೋಡಿ. ಪ್ರತಿ ಆಸ್ಪತ್ರೆಯ ವಿಳಾಸದ ಕೆಳಗೆ ದೊಡ್ಡ ಅಕ್ಷರಗಳಲ್ಲಿ ರಾಜ್ಯದ ಹೆಸರಿರುತ್ತದೆ. ಕರ್ನಾಟಕ ಎಂದು ಕಂಡ ದಾಖಲೆಗಳನ್ನು ಗುರುತು ಹಾಕಿಕೊಳ್ಳುತ್ತ ಹೋದರೆ, ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಬೆಳಗಾವಿಗಳಲ್ಲಿ ಯಾವ ವಿಭಾಗ ಬರೀ ಥೀಸಿಸ್ ಮಾಡಿಸುತ್ತಿದೆ, ಯಾವುದು ಬಹುಕೇಂದ್ರ ಪ್ರಯೋಗಗಳಲ್ಲಿ ಪಾಲ್ಗೊಳ್ಳುತ್ತಿದೆ ಎಂಬ ಚಿತ್ರ ತಾನಾಗಿ ಮೂಡುತ್ತದೆ. ಥೀಸಿಸ್ ಹೌದೋ ಅಲ್ಲವೋ ಎಂಬುದಕ್ಕೇ ಬೇರೆ ಅಂಕಣ ಇರುವುದರಿಂದ ಈ ವಿಂಗಡಣೆ ಸುಲಭ. ನನ್ನ ಪರಿಚಯದ ಒಬ್ಬ ಯುವ ಮಕ್ಕಳ ತಜ್ಞೆ ಹೀಗೆಯೇ ಓದಿ, ನವಜಾತ ಶಿಶುಗಳ ಸೋಂಕಿನ ಬಗ್ಗೆ ಕೆಲಸ ಮಾಡುತ್ತಿದ್ದ ತಂಡವೊಂದಕ್ಕೆ ದಾಖಲೆಯಲ್ಲಿದ್ದ ಸಂಪರ್ಕ ವಿಳಾಸಕ್ಕೆ ಪತ್ರ ಬರೆದರು. ಯಾವ ಜಾಹೀರಾತೂ ಬಂದಿರದ ಕೆಲಸವೊಂದು ಅವರಿಗೆ ಅಲ್ಲಿ ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಹುಡುಕಾಟದ ಸೌಕರ್ಯದ ಬಗ್ಗೆ ಕಠಿಣವಾಗಿಯೇ ಮಾತಾಡಬೇಕಾಗುತ್ತದೆ. ಒಂದು ನಂಬರ್ ಗೊತ್ತಿದ್ದು ಅದರ ದಾಖಲೆ ತೆರೆಯಲು ಈ ತಾಣ ಸಾಕು; ಒಂದು ಪ್ರಶ್ನೆ ಇಟ್ಟುಕೊಂಡು ಹತ್ತು ವರ್ಷಗಳ ದಾಖಲೆಗಳನ್ನು ಜಾಲಾಡಲು ಇದು ಅನುವಾಗಿಲ್ಲ. ಹೆಸರುಗಳನ್ನು ನೋಂದಾಯಿಸುವವರೇ ಟೈಪ್ ಮಾಡುವುದರಿಂದ ಒಂದೇ ಆಸ್ಪತ್ರೆ, ಒಂದೇ ಎಥಿಕ್ಸ್ ಕಮಿಟಿ, ಒಬ್ಬರೇ ಸಂಶೋಧಕರು ಹತ್ತು ವೇಷದಲ್ಲಿ ಕಾಣಿಸಿಕೊಳ್ಳುತ್ತಾರೆ: ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಇನಿಷಿಯಲ್ ಮುಂದೆ, ಮತ್ತೊಂದು ಕಡೆ ಇನಿಷಿಯಲ್ ಹಿಂದೆ. ನಮ್ಮ ಕಡೆಯ ಇನಿಷಿಯಲ್ ಪದ್ಧತಿ ಗೊತ್ತಿಲ್ಲದ ಹೊರದೇಶದ ಓದುಗನಿಗೆ ಒಬ್ಬ ಸಂಶೋಧಕರು ಮೂವರಾಗಿ ತೋರಿದರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿಯ ಸಂಶೋಧಕರು ಸಿಟಿಆರ್‌ಐ ದಾಖಲೆಗಳ ಗುಣಮಟ್ಟವನ್ನು ವರ್ಷಗಳ ಕಾಲ ಪರಿಶೀಲಿಸಿ, ಬಿಟ್ಟುಹೋದ ಅಂಕಣಗಳನ್ನೂ ಒಂದಕ್ಕೊಂದು ತಾಳೆಯಾಗದ ವಿವರಗಳನ್ನೂ ಪ್ರಕಟಿಸುತ್ತ ಬಂದಿದ್ದಾರೆ. ರಿಜಿಸ್ಟ್ರಿಯನ್ನು ಗಂಭೀರವಾಗಿ ಬಳಸುವವರು ಆ ಬರಹಗಳನ್ನು ಓದದೆ ಮುಂದುವರಿಯಬಾರದು. ನಾನು ಕಂಡುಕೊಂಡ ಒಳದಾರಿ ಎಂದರೆ ನಾನಾ ದೇಶಗಳ ರಿಜಿಸ್ಟ್ರಿಗಳನ್ನು ಒಂದೇ ಕಡೆ ಹುಡುಕಲು ಬಿಡುವ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ತಾಣ. ಸಿಟಿಆರ್‌ಐ ಅದರ ಪ್ರಾಥಮಿಕ ರಿಜಿಸ್ಟ್ರಿಗಳಲ್ಲಿ ಒಂದಾದ್ದರಿಂದ ನಮ್ಮ ದಾಖಲೆಗಳು ಅಲ್ಲಿಗೂ ಹೋಗುತ್ತವೆ. ಅಲ್ಲಿ ಹುಡುಕಿದ ಪಟ್ಟಿಯನ್ನು ಕಂಪ್ಯೂಟರಿಗೆ ಒಟ್ಟಿಗೆ ಇಳಿಸಿಕೊಂಡು, ಆಮೇಲೆ ಒಂದೊಂದೇ ನಂಬರನ್ನು ಸಿಟಿಆರ್‌ಐನಲ್ಲಿ ತೆರೆದು ಪೂರ್ಣ ವಿವರ ನೋಡುವುದು ನನ್ನ ಪದ್ಧತಿ. ತನ್ನ ಮನೆಯ ಸಾಮಾನು ಹುಡುಕಲು ನೆರೆಮನೆಯ ದೀಪ ತಂದಂತೆ ಇದು.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವುದು ಸಾರ್ವಜನಿಕ ಶೀರ್ಷಿಕೆಯ ಅಂಕಣ. ವೈದ್ಯರಲ್ಲದವರಿಗೂ ಅರ್ಥವಾಗಲಿ ಎಂದೇ ಅದನ್ನು ಇಟ್ಟಿರುವುದು. ಆದರೆ ಬಹಳಷ್ಟು ಜನ ವೈಜ್ಞಾನಿಕ ಶೀರ್ಷಿಕೆಯನ್ನೇ ಕಾಪಿ ಮಾಡಿ ಅಲ್ಲಿಗೂ ಅಂಟಿಸುತ್ತಾರೆ. 'ಸಿಸೇರಿಯನ್ ಆದ ತಾಯಂದಿರಿಗೆ ಎರಡು ಬಗೆಯ ನೋವು ನಿವಾರಕ ಚುಚ್ಚುಮದ್ದುಗಳ ಹೋಲಿಕೆ' ಎಂದು ಬರೆಯಬಹುದಾದ ಕಡೆ, ಅರಿವಳಿಕೆ ತಜ್ಞರು ಮಾತ್ರ ಓದಬಲ್ಲ ಎರಡೂವರೆ ಸಾಲಿನ ನರ ಮತ್ತು ಔಷಧಗಳ ಹೆಸರಿನ ಸರಮಾಲೆ ಇರುತ್ತದೆ. ಅದೂ ಇಂಗ್ಲಿಷಿನಲ್ಲಿ. ನಮ್ಮ ಎಥಿಕ್ಸ್ ಕಮಿಟಿಗಳು ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕೆಂದು ಹಟ ಹಿಡಿಯುತ್ತವೆ, ಅದು ಸರಿಯೂ ಹೌದು. ಅನುವಾದಕರು ಮೊದಲು 'ಯಾದೃಚ್ಛಿಕ ಹಂಚಿಕೆ' ಎಂದು ಬರೆದು ತಂದದ್ದನ್ನು ಕಮಿಟಿಯ ಜನಸಾಮಾನ್ಯ ಸದಸ್ಯೆಯೊಬ್ಬರು 'ಇದು ನಮ್ಮಮ್ಮನಿಗೆ ತಿಳಿಯೋದಿಲ್ಲ' ಎಂದು ವಾಪಸ್ ಕಳಿಸಿ, 'ಚೀಟಿ ಎತ್ತಿದ ಹಾಗೆ' ಎಂದು ತಿದ್ದಿಸಿದ ಸಭೆಯಲ್ಲಿ ನಾನೂ ಕೂತಿದ್ದೆ. ಅಷ್ಟು ಕಾಳಜಿಯಿಂದ ಸಿದ್ಧವಾದ ಆ ಕನ್ನಡದ ಒಂದು ವಾಕ್ಯಕ್ಕೂ ರಿಜಿಸ್ಟ್ರಿಯ ದಾಖಲೆಯಲ್ಲಿ ಜಾಗವಿಲ್ಲ.

ಕಳೆದ ವರ್ಷ ತುಮಕೂರು ಜಿಲ್ಲೆಯ ಹಳ್ಳಿಯಿಂದ ಬಂದಿದ್ದ ಒಬ್ಬರು, ತಂದೆಯ ಕ್ಯಾನ್ಸರ್ ಚಿಕಿತ್ಸೆಗಾಗಿ ಓಡಾಡುತ್ತಿದ್ದವರು, ಮಡಚಿ ಮಡಚಿ ಮೃದುವಾಗಿದ್ದ ನಾಲ್ಕು ಹಾಳೆಗಳನ್ನು ನನ್ನ ಮೇಜಿನ ಮೇಲೆ ಬಿಡಿಸಿದರು. ಸೈಬರ್ ಸೆಂಟರಿನಲ್ಲಿ ಯಾರೋ ತೆಗೆದುಕೊಟ್ಟಿದ್ದ ಸಿಟಿಆರ್‌ಐ ದಾಖಲೆ ಅದು. ಆಸ್ಪತ್ರೆಯ ಹೆಸರಿನ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದಿತ್ತು. ಪ್ರಯೋಗ ಇನ್ನೂ ನಡೆಯುತ್ತಿದೆಯೇ, ತಂದೆಯನ್ನು ಸೇರಿಸಬಹುದೇ ಎಂಬುದಷ್ಟೇ ಅವರ ಪ್ರಶ್ನೆ. ಸ್ಥಿತಿಯ ಅಂಕಣದಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲಾಗುತ್ತಿದೆ ಎಂದೇ ಇತ್ತು; ದಾಖಲೆಯನ್ನು ಕೊನೆಯ ಬಾರಿ ತಿದ್ದಿದ ದಿನಾಂಕ ಮಾತ್ರ ಮೂರು ವರ್ಷ ಹಿಂದಿನದು. ಸಂಪರ್ಕಕ್ಕೆ ಕೊಟ್ಟಿದ್ದ ಸಂಖ್ಯೆಗೆ ನಾನೇ ಫೋನ್ ಮಾಡಿದೆ. ಆ ಪ್ರಯೋಗ ಮುಗಿದು ಬಹಳ ಕಾಲವಾಗಿತ್ತು, ಫೋನ್ ಎತ್ತಿದವರು ಆ ಆಸ್ಪತ್ರೆಯನ್ನು ಬಿಟ್ಟೂ ಆಗಿತ್ತು. ಹಾಳೆಗಳನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿ ಅವರು ಜೇಬಿಗಿಟ್ಟುಕೊಂಡರು. ದಾಖಲೆಯನ್ನು ಕಾಲಕಾಲಕ್ಕೆ ತಿದ್ದಬೇಕಾದವರು ಪ್ರಯೋಗ ನಡೆಸಿದವರೇ. ರಿಜಿಸ್ಟ್ರಿ ಅದನ್ನು ತಾನಾಗಿ ಬದಲಿಸಲಾರದು. ಆದರೂ ಎಷ್ಟೋ ಕಾಲದಿಂದ ಮುಟ್ಟದ ದಾಖಲೆಯ ನೆತ್ತಿಯ ಮೇಲೆ 'ಈ ಮಾಹಿತಿ ಹಳೆಯದಾಗಿರಬಹುದು' ಎಂದು ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂದರೆ, ಅಷ್ಟು ದೂರದಿಂದ ಬರುವವರಿಗೆ ಬಸ್ ಚಾರ್ಜಾದರೂ ಉಳಿದೀತು.

ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್.ಗೌ ತಾಣದ ಜೊತೆ ಹೋಲಿಸುವವರು ಇರುತ್ತಾರೆ. 2000ದಲ್ಲಿ ಆರಂಭವಾಗಿ ಈಗ 5 ಲಕ್ಷಕ್ಕೂ ಹೆಚ್ಚು ಅಧ್ಯಯನಗಳನ್ನು ಹೊಂದಿರುವ ಅದಕ್ಕೂ ಇದಕ್ಕೂ ಗಾತ್ರದಲ್ಲಿ ಹೋಲಿಕೆ ಸಲ್ಲದು. ಹೋಲಿಸಬೇಕಾದದ್ದು ಒಂದೇ ಸಂಗತಿಯಲ್ಲಿ. ಅಲ್ಲಿ 2008ರಿಂದ ಫಲಿತಾಂಶಗಳನ್ನೇ ಕೋಷ್ಟಕಗಳಾಗಿ ಹಾಕುವ ವ್ಯವಸ್ಥೆ ಇದೆ, ಕಾನೂನಿನ ವ್ಯಾಪ್ತಿಗೆ ಬರುವ ಪ್ರಯೋಗಗಳಿಗೆ ಅದಕ್ಕೆ ಗಡುವೂ ಇದೆ. ಪತ್ರಿಕೆಗಳು ಪ್ರಕಟಿಸಲಿ ಬಿಡಲಿ, ಏನಾಯಿತು ಎಂಬುದು ಅಲ್ಲಿ ಕಾಣುತ್ತದೆ. ನಮ್ಮಲ್ಲಿ ಪ್ರಕಟಣೆಯ ವಿವರಕ್ಕೆ ಒಂದು ಅಂಕಣವಿದೆ. ಅದನ್ನು ತೆರೆದು ನೋಡಿದರೆ ಹೆಚ್ಚಿನ ಕಡೆ ಖಾಲಿ ಅಥವಾ 'ಇನ್ನೂ ಇಲ್ಲ'. ಥೀಸಿಸ್ ಪುಸ್ತಕ ಗ್ರಂಥಾಲಯದ ಕಪಾಟು ಸೇರುತ್ತದೆ, ಇನ್ನೊಂದು ಊರಿನ ಇನ್ನೊಬ್ಬ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ಇನ್ನೊಂದು ಅರವತ್ತು ರೋಗಿಗಳ ಮೇಲೆ ಮತ್ತೆ ಕೇಳುತ್ತಾನೆ. ವಿಷಯ ಆರಿಸುವ ಮುನ್ನ ಸಿಟಿಆರ್‌ಐನಲ್ಲಿ ಅರ್ಧ ಗಂಟೆ ಹುಡುಕು ಎಂದು ನಾನು ಈಗ ಪ್ರತಿಯೊಬ್ಬರಿಗೂ ಹೇಳುವುದು ಇದೇ ಕಾರಣಕ್ಕೆ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ನೋಂದಣಿಯ ಕಟ್ಟುನಿಟ್ಟಿಗೆ, ಒಂದು ಪೈಸೆಯೂ ಕೇಳದಿರುವುದಕ್ಕೆ, ಆಯುರ್ವೇದದ ಕಷಾಯದಿಂದ ಜೀನ್ ಚಿಕಿತ್ಸೆಯವರೆಗೆ ಎಲ್ಲರನ್ನೂ ಒಂದೇ ನಮೂನೆಯ ಮುಂದೆ ಕೂರಿಸುವುದಕ್ಕೆ ಪೂರ್ತಿ ಅಂಕ. ಕಳೆದದ್ದೆಲ್ಲ ಹುಡುಕಾಟಕ್ಕೆ, ಹಳಸಿದ ದಾಖಲೆಗಳಿಗೆ ಮತ್ತು ಭಾಷೆಗೆ.

ತುಮಕೂರಿನವರು ಬಂದು ಹೋದ ಮೇಲೆ ನಮ್ಮ ವಿಭಾಗದ ಹಳೆಯ ಲಾಗಿನ್ ತೆರೆದು ಕೂತೆ. ಪಾಸ್‌ವರ್ಡ್ ನೆನಪಿಸಿಕೊಳ್ಳಲೇ ಒಂದು ಬೆಳಗು ಹೋಯಿತು. ಏಳು ದಾಖಲೆಗಳು 'ಇನ್ನೂ ರೋಗಿಗಳನ್ನು ಸೇರಿಸಿಕೊಂಡಿಲ್ಲ' ಎಂಬ ಸ್ಥಿತಿಯಲ್ಲೇ ನಿಂತಿದ್ದವು. ಏಳೂ ನಾನೇ ಕೂತು ತುಂಬಿಸಿದವು, ಏಳೂ ಮುಗಿದು ಹೋದವು. ಅವುಗಳಲ್ಲೊಂದರ ವಿದ್ಯಾರ್ಥಿನಿ ಈಗ ಬೇರೊಂದು ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್; ಫೋನ್ ಮಾಡಿ ಕೊನೆಯ ರೋಗಿಯನ್ನು ಸೇರಿಸಿಕೊಂಡ ದಿನಾಂಕ ಕೇಳಿದೆ. ಹಳೆಯ ಡೈರಿ ಹುಡುಕಿ ಸಂಜೆ ಹೇಳುತ್ತೇನೆ ಎಂದರು. ಐದು ದಾಖಲೆಗಳನ್ನು ಇಲ್ಲಿಯವರೆಗೆ ಸರಿಪಡಿಸಿದ್ದೇನೆ. ಉಳಿದ ಎರಡರ ಫೈಲುಗಳು ರೆಕಾರ್ಡ್ ರೂಮಿನಲ್ಲಿ ಇನ್ನೂ ಸಿಕ್ಕಿಲ್ಲ.